ಪ್ರಿಪೇಯ್ಡ್ ಕರೆಂಟ್: ಒಪ್ಪಿಕೊಳ್ಳುವ ಮೊದಲು ನಿಮ್ಮ ಮನೆಯ ಲೆಕ್ಕ ಹಾಕುವುದು ಹೇಗೆ?

ಕರೆಂಟ್ ಕಂಪನಿಗಳು ನಷ್ಟದಲ್ಲಿವೆ, ಮನೆಮನೆಗೆ ಪ್ರಿಪೇಯ್ಡ್ ಮೀಟರ್, ಅಂದರೆ ಮೊದಲು ದುಡ್ಡು ಹಾಕಿ ಆಮೇಲೆ ಕರೆಂಟ್ ಬಳಸುವ ಮೀಟರ್ ಹಾಕಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವ ಮಾತು ಈಗ ಜಾಸ್ತಿ ಕೇಳುತ್ತಿದೆ. ಕೇಂದ್ರ ಸರ್ಕಾರ 2021ರಲ್ಲಿ ಕರೆಂಟ್ ಹಂಚುವ ಕಂಪನಿಗಳನ್ನು ಸುಧಾರಿಸಲು ಆರ್‌ಡಿಎಸ್‌ಎಸ್ ಯೋಜನೆ ತಂದಾಗ ಇಟ್ಟುಕೊಂಡ ಗುರಿ 25 ಕೋಟಿ ಸ್ಮಾರ್ಟ್ ಪ್ರಿಪೇಯ್ಡ್ ಮೀಟರ್. ನಮ್ಮ ರಾಜ್ಯದಲ್ಲಿ ಬೆಂಗಳೂರು ಕಡೆ ಕರೆಂಟ್ ಕೊಡುವ ಬೆಸ್ಕಾಂ 2025ರ ಫೆಬ್ರುವರಿಯಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಮೀಟರಿನ ಬೆಲೆ ಬಗ್ಗೆ ಗಲಾಟೆ ಎದ್ದು ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಸ್ಮಾರ್ಟ್ ಮೀಟರ್ ಅಂದ ಕೂಡಲೇ ಪ್ರಿಪೇಯ್ಡ್ ಅಲ್ಲ, ಅದೇ ಮೀಟರನ್ನು ತಿಂಗಳ ಬಿಲ್ಲಿನ ಲೆಕ್ಕದಲ್ಲೂ ನಡೆಸಬಹುದು.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಮಗೆಲ್ಲ ಕರೆಂಟ್ ಕೊಡುವುದು ಜೆಸ್ಕಾಂ. ನಾಳೆ ಯಾರಾದರೂ ಬಂದು ಪ್ರಿಪೇಯ್ಡ್ ಮಾಡಿಸಿಕೊಳ್ಳಿ ಅಂದರೆ ಹೂಂ ಅನ್ನಬೇಕಾ, ಬೇಡ ಅನ್ನಬೇಕಾ? ಸುಮ್ನೆ ಹೆದರುವುದೂ ಬೇಡ, ಸುಮ್ನೆ ಒಪ್ಪುವುದೂ ಬೇಡ. ಒಂದು ಸಂಜೆ ಕೂತು ಈ ಲೆಕ್ಕ ಮಾಡಿ.

ಮೊದಲು ಹಳೇ ಬಿಲ್ ತೆಗೆಯಿರಿ

ಕಳೆದ ಬೇಸಿಗೆಯ ಬಿಲ್ ಒಂದು, ಚಳಿಗಾಲದ್ದು ಒಂದು ಹುಡುಕಿ. ಅದರಲ್ಲಿ ನೋಡಬೇಕಾದ್ದು ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಗುರುತಿನ ನಂಬರ್), ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಎಷ್ಟು ಯೂನಿಟ್ ಸುಟ್ಟಿದೆ, ಹಳೇ ಬಾಕಿ ಏನಾದರೂ ಇದೆಯಾ ಅನ್ನುವುದು. ಬಿಲ್ ಯಾರ ಹೆಸರಲ್ಲಿದೆ ಅಂತಲೂ ನೋಡಿ. ಎಷ್ಟೋ ಮನೆಗಳಲ್ಲಿ ಅದು ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ, ಜೊತೆಗಿರುವ ಮೊಬೈಲ್ ನಂಬರ್ ಬಂದ್ ಆಗಿ ವರ್ಷಗಳಾಗಿರುತ್ತವೆ. ಪ್ರಿಪೇಯ್ಡ್‌ನಲ್ಲಿ ದುಡ್ಡು ಮುಗಿಯುತ್ತಾ ಬಂತು ಅನ್ನುವ ಮೆಸೇಜ್ ಬರುವುದು ಆ ನಂಬರಿಗೇ. ಹಾಗಾಗಿ ಹೆಸರು, ನಂಬರ್ ಬದಲಿಸುವ ಕೆಲಸ ಎಲ್ಲಕ್ಕಿಂತ ಮುಂಚೆ ಆಗಲಿ.

ದಿನಕ್ಕೆ ಎಷ್ಟು ಅಂತ ಲೆಕ್ಕ ಹಾಕಿ

ತಿಂಗಳ ಬಿಲ್ ಲೆಕ್ಕಕ್ಕೆ ನಾವು ಹೊಂದಿಕೊಂಡಿದ್ದೇವೆ. ಪ್ರಿಪೇಯ್ಡ್‌ನಲ್ಲಿ ಯೋಚನೆ ಮಾಡಬೇಕಾದ್ದು ದಿನದ ಲೆಕ್ಕದಲ್ಲಿ, ಮೊಬೈಲ್ ರೀಚಾರ್ಜ್ ಇದ್ದ ಹಾಗೆ. 2025-26ರ ದರದಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ಸಿಬ್ಬಂದಿಯ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ, 5.80ರ ಮೇಲೆ ಶೇ 9 ತೆರಿಗೆ ಇತ್ತು. ಎಲ್ಲ ಕೂಡಿಸಿದರೆ ಯೂನಿಟ್‌ಗೆ ಸುಮಾರು 6.70 ರೂಪಾಯಿ. ಇಂಧನ ಹೊಂದಾಣಿಕೆ ಶುಲ್ಕ ಆಗಾಗ ಏರಿಳಿಯುತ್ತದೆ, ಅದನ್ನು ನಿಮ್ಮ ಬಿಲ್ ನೋಡಿ ಸೇರಿಸಿ. ಇದಲ್ಲದೆ ಆ ವರ್ಷ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಎರಡು ಕಿಲೋವ್ಯಾಟ್ ಇದ್ದರೆ 290, ಅಂದರೆ ಒಂದು ಬಲ್ಬ್ ಹಾಕದಿದ್ದರೂ ದಿನಕ್ಕೆ ಹತ್ತಿರ ಹತ್ತಿರ 10 ರೂಪಾಯಿ ಹೋಗುತ್ತದೆ.

ಈಗ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ನಮ್ಮ ಕಡೆ 42-43 ಡಿಗ್ರಿ ಬಿಸಿಲು, ಕೂಲರ್ ಇಲ್ಲದೆ ರಾತ್ರಿ ಕಳೆಯಲಿಕ್ಕೆ ಆಗುವುದಿಲ್ಲ. 200 ವ್ಯಾಟ್‌ನ ಕೂಲರ್ ಹತ್ತು ಗಂಟೆ ಓಡಿದರೆ ಎರಡು ಯೂನಿಟ್. ಎರಡು ಫ್ಯಾನ್, ಫ್ರಿಜ್, ಟಿವಿ, ಲೈಟು, ಸ್ವಲ್ಪ ಹೊತ್ತು ನೀರಿನ ಮೋಟರ್ ಎಲ್ಲ ಸೇರಿ ದಿನಕ್ಕೆ ಆರು ಯೂನಿಟ್ ಅಂತ ಇಟ್ಟುಕೊಳ್ಳಿ. ಗೃಹಜ್ಯೋತಿ ಬಿಟ್ಟು ಲೆಕ್ಕ ಹಾಕಿದರೆ 40 ರೂಪಾಯಿ ಕರೆಂಟಿಗೆ, 10 ರೂಪಾಯಿ ನಿಗದಿತ ಶುಲ್ಕಕ್ಕೆ. 500 ರೂಪಾಯಿ ಹಾಕಿದರೆ ಹತ್ತು ದಿನ ಬರುತ್ತದೆ ಅಷ್ಟೇ. ಪ್ರತಿ ಹತ್ತು ದಿನಕ್ಕೆ 500 ಹೊಂದಿಸುವುದು ನಿಮಗೆ ಸುಲಭವೋ, ತಿಂಗಳಿಗೊಮ್ಮೆ 1,500 ಕಟ್ಟುವುದು ಸುಲಭವೋ? ದಿನಗೂಲಿ ಮನೆಗೆ ಸಣ್ಣ ಮೊತ್ತವೇ ಅನುಕೂಲ ಆಗಬಹುದು, ಸಂಬಳದ ಮನೆಗೆ ತಿಂಗಳ ಬಿಲ್ಲೇ ಹಗುರ. ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಮೀಟರ್ ಸರಿ ಇದೆಯಾ ನೋಡಿಕೊಳ್ಳಿ

ಇದಕ್ಕೆ ಯಾರನ್ನೂ ಕರೆಸಬೇಕಾಗಿಲ್ಲ. ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಅಂತ ಬರೆದಿರುತ್ತಾರೆ, 3200 ಅಥವಾ 1600 ಅಂತ. ಮೊದಲು ಮನೆಯ ಎಲ್ಲಾ ಸ್ವಿಚ್ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಐದು ನಿಮಿಷ ದೀಪವನ್ನೇ ನೋಡಿ. ಆಗಲೂ ಮಿನುಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಇಲ್ಲಾ ನಿಮ್ಮ ಮೀಟರಿನಿಂದ ಬೇರೆ ಯಾರಿಗೋ ಲೈನ್ ಹೋಗಿದೆ. ಬಾಡಿಗೆ ವಠಾರಗಳಲ್ಲಿ ಇದು ಅಪರೂಪವೇನಲ್ಲ. ಆಮೇಲೆ ಬರೀ ಕೂಲರ್ ಹಾಕಿ. 3200ರ ಮೀಟರ್ ಆದರೆ 200 ವ್ಯಾಟ್ ಕೂಲರಿಗೆ ನಿಮಿಷಕ್ಕೆ ಹತ್ತು-ಹನ್ನೊಂದು ಸಲ ಮಿನುಗಬೇಕು. ಇಪ್ಪತ್ತು ಸಲ ಮಿನುಗಿದರೆ ಕೂಲರಿನ ಮೋಟರ್ ಜಾಸ್ತಿ ಎಳೆಯುತ್ತಿದೆಯಾ, ಮೀಟರ್ ಜೋರಾಗಿ ಓಡುತ್ತಿದೆಯಾ ಅಂತ ಪತ್ತೆ ಮಾಡಿಸಿ. ಜೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಹಳೇ ಮೀಟರ್ ಬಿಚ್ಚುವ ದಿನ ಅದರ ಕೊನೇ ರೀಡಿಂಗ್ ಫೋಟೊ ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಗೃಹಜ್ಯೋತಿ ಏನಾಗುತ್ತದೆ ಅಂತ ಕೇಳಿ

ನಮ್ಮ ಮನೆಗಳಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಚಾಲನೆ ಆಗಿದ್ದೂ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಮ್ಮ ಉಚಿತ ಯೂನಿಟ್ ಗೊತ್ತು ಮಾಡಿದ್ದಾರೆ. ಅದರೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ ಯೂನಿಟ್‌ಗೆ ಮಾತ್ರ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್. ಎರಡು ಕಿಲೋವ್ಯಾಟ್ ಮನೆ 210 ಯೂನಿಟ್ ಸುಟ್ಟರೆ ಮೇಲಿನ ದರದಲ್ಲಿ ಸುಮಾರು 1,690 ರೂಪಾಯಿ.

ಈಗ ಯೋಚನೆ ಮಾಡಿ. ಪ್ರಿಪೇಯ್ಡ್‌ನಲ್ಲಿ ದುಡ್ಡು ದಿನಾ ಕಡಿತ ಆಗುತ್ತದೆ, 200 ದಾಟಿತೋ ಇಲ್ಲವೋ ಗೊತ್ತಾಗುವುದು ತಿಂಗಳ ಕೊನೆಗೆ. ಜೆಸ್ಕಾಂಗೆ ಹೀಗೆ ಕೇಳಿ: ಉಚಿತ ಯೂನಿಟ್ಟನ್ನು ಒಂದನೇ ತಾರೀಖು ಮೀಟರಿಗೆ ತುಂಬುತ್ತೀರಾ, ಅಥವಾ ನಾವು ಮೊದಲು ಹಾಕಿ ಆಮೇಲೆ ವಾಪಸ್ ಪಡೆಯಬೇಕಾ? 29ನೇ ತಾರೀಖು 200 ದಾಟಿದರೆ ಪೂರ್ತಿ ದುಡ್ಡು ಒಂದೇ ಏಟಿಗೆ ಕಡಿತವಾಗಿ ಮನೆ ಕತ್ತಲಾಗುತ್ತದಾ? ಇದನ್ನು ಬರೆದು ಜೆಸ್ಕಾಂನ ಸೆಕ್ಷನ್ ಆಫೀಸಿಗೆ ಕೊಟ್ಟು, ಉತ್ತರವನ್ನೂ ಬರೆದೇ ತೆಗೆದುಕೊಳ್ಳಿ. ಬಾಯಿಮಾತಿಗೆ ಒಪ್ಪಬೇಡಿ.

ಅದೇ ಅರ್ಜಿಯಲ್ಲಿ ಡಿಪಾಜಿಟ್ ವಿಷಯವನ್ನೂ ಬರೆಯಿರಿ. ಪ್ರಿಪೇಯ್ಡ್ ತೆಗೆದುಕೊಳ್ಳಲು ಸಿದ್ಧ ಇರುವ ಗ್ರಾಹಕರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಅಂತ 2003ರ ವಿದ್ಯುತ್ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಹಳೇ ಠೇವಣಿ ಎಷ್ಟಿದೆ, ಅದನ್ನು ರೀಚಾರ್ಜಿಗೆ ಹೊಂದಿಸುತ್ತೀರಾ ಅಂತ ಕೇಳಿ. ಬಿಲ್ ಕಟ್ಟದಿದ್ದರೆ ಲೈನ್ ಕೀಳುವ ಮೊದಲು 15 ದಿನದ ನೋಟಿಸ್ ಕೊಡಬೇಕು ಅಂತ 56ನೇ ಸೆಕ್ಷನ್ ಇದೆ. ಪ್ರಿಪೇಯ್ಡ್‌ನಲ್ಲಿ ಆ 15 ದಿನದ ಬದಲು ಏನು ಕೊಡುತ್ತೀರಿ? ರಾತ್ರಿ, ಹಬ್ಬದ ದಿನ ಕಟ್ ಮಾಡುತ್ತೀರಾ? ಉಸಿರಾಟದ ಮಷೀನ್ ಮೇಲೆ ಇರುವ ರೋಗಿ ಮನೆಯಲ್ಲಿದ್ದರೆ?

ಗುಳೆ ಹೋಗುವ ಮನೆಗಳಿಗೆ

ಯಾದಗಿರಿಯ ತಾಂಡಾಗಳಿಂದ, ಔರಾದ್ ಕಡೆಯ ಹಳ್ಳಿಗಳಿಂದ ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋಗುವವರು ಇದನ್ನು ಗಮನ ಕೊಟ್ಟು ಓದಿ. ಗೃಹಜ್ಯೋತಿಗೆ ನೋಂದಣಿ ಆಗದ ಮನೆ ಬೀಗ ಹಾಕಿದ್ದರೂ ನಿಗದಿತ ಶುಲ್ಕ ಬೀಳುತ್ತಲೇ ಇರುತ್ತದೆ. ಮೇಲಿನ 2025-26ರ ದರದಲ್ಲಿ ಒಂದು ಕಿಲೋವ್ಯಾಟ್‌ಗೆ ಆರು ತಿಂಗಳಿಗೆ 870 ರೂಪಾಯಿ. ವಾಪಸ್ ಬಂದು 300 ಹಾಕಿದರೆ ಅದು ಹಳೇ ಲೆಕ್ಕಕ್ಕೇ ಹೋಗಿಬಿಡುತ್ತದೆ. ಮೊದಲು ನೋಂದಣಿ ಮಾಡಿಸಿ. ಲೋಡ್ ಸುಮ್ನೆ ಜಾಸ್ತಿ ಬರೆಸಿದ್ದರೆ ಕಡಿಮೆ ಮಾಡಿಸಿ. ಊರಲ್ಲಿ ಮುದುಕರು ಮಾತ್ರ ಉಳಿಯುವ ಮನೆಯಾದರೆ ಪ್ರಿಪೇಯ್ಡ್‌ನಿಂದ ಒಂದು ಲಾಭ ಖಂಡಿತ ಇದೆ, ಮಗ ಪುಣೆಯಲ್ಲಿ ಕೂತೇ ರೀಚಾರ್ಜ್ ಮಾಡಬಹುದು. ಆದರೆ ಮಗನ ಫೋನಿಗೆ ಬಂದ ಮೆಸೇಜ್ ಅವ್ವನಿಗೆ ಗೊತ್ತಾಗುವುದಿಲ್ಲ ಅಲ್ವಾ? ಪಕ್ಕದ ಮನೆಯವರ ನಂಬರ್ ಮಗನ ಹತ್ತಿರ ಇರಲಿ, ಆರ್‌ಆರ್ ನಂಬರ್ ಗೋಡೆ ಮೇಲೆ ಬರೆದಿರಲಿ.

ಕಂಪನಿ ಇದರಿಂದ ಉಳಿಯುತ್ತದಾ?

ಸ್ವಲ್ಪ ಉಳಿಯುತ್ತದೆ. ದುಡ್ಡು ಮುಂಚೆ ಬರುತ್ತದೆ, ಮೀಟರ್ ಓದುವ ಖರ್ಚು ತಪ್ಪುತ್ತದೆ, ಬಾಕಿ ಬೆಳೆಯುವುದಿಲ್ಲ. ಆದರೆ ದಕ್ಷಿಣ ಆಫ್ರಿಕಾ ನೋಡಿ. ಅಲ್ಲಿನ ಸರ್ಕಾರಿ ಕರೆಂಟ್ ಕಂಪನಿ ಎಸ್ಕಾಮ್ (Eskom) 1990ರ ದಶಕದಿಂದಲೇ ಪ್ರಿಪೇಯ್ಡ್ ನಡೆಸುತ್ತಿದೆ, ಜನ 20 ಅಂಕಿಯ ಟೋಕನ್ ಕೊಂಡು ಮೀಟರಿಗೆ ಒತ್ತುತ್ತಾರೆ. ಆದರೂ 2023ರಲ್ಲಿ ಆ ಕಂಪನಿಯ ಸಾಲ ತೀರಿಸಲು ಸರ್ಕಾರ 254 ಶತಕೋಟಿ ರ‍್ಯಾಂಡ್ ಕೊಡುವುದಾಗಿ ಹೇಳಬೇಕಾಯಿತು. ಮೀಟರ್ ಇದ್ದೂ ಟೋಕನ್ನೇ ಕೊಳ್ಳದೆ ಬೈಪಾಸ್ ಮಾಡಿಕೊಂಡವರು ತುಂಬಾ ಜನ, ನಗರಸಭೆಗಳು ಉಳಿಸಿಕೊಂಡ ಬಾಕಿ ಇನ್ನೂ ದೊಡ್ಡದು.

ನಮ್ಮಲ್ಲೂ ಕರೆಂಟ್ ಕಂಪನಿಗಳ ದೊಡ್ಡ ತೂತು ಮನೆ ಬಿಲ್ಲಿನಲ್ಲಿ ಇಲ್ಲ. ಪಂಚಾಯಿತಿ, ಪುರಸಭೆಗಳ ನೀರಿನ ಪಂಪು ಮತ್ತು ಬೀದಿದೀಪದ ಬಾಕಿ, ಮೀಟರೇ ಇಲ್ಲದ ಪಂಪ್‌ಸೆಟ್‌ಗಳ ಅಂದಾಜು ಲೆಕ್ಕ, ಹಳೇ ಲೈನುಗಳ ನಷ್ಟ, ತಡವಾಗಿ ಬರುವ ಸಬ್ಸಿಡಿ. ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಸಬ್ಸಿಡಿ ದುಡ್ಡನ್ನು ಮುಂಗಡವಾಗಿಯೇ ಕೊಡಬೇಕು. ಅಂದರೆ ಕಾನೂನಿನ ಪ್ರಕಾರ ಮೊದಲನೇ ಪ್ರಿಪೇಯ್ಡ್ ಗ್ರಾಹಕ ಸರ್ಕಾರವೇ. ಸರ್ಕಾರಿ ಕಚೇರಿಗಳಿಗೆ ಮೊದಲು ಪ್ರಿಪೇಯ್ಡ್ ಮೀಟರ್ ಹಾಕಿ ಅಂತ ಕೇಂದ್ರ 2021ರಲ್ಲೇ ಹೇಳಿದೆ. ಆ ಸಾಲು ಅಲ್ಲಿಂದ ಶುರುವಾಗಲಿ, ಕೂಲಿಕಾರನ ಮನೆಯಿಂದ ಬೇಡ.

ಇದನ್ನು ಹೇಳಲು ಜಾಗವೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ಪಂಚಾಯಿತಿಯ ಕರೆಂಟ್ ಬಾಕಿ ಎಷ್ಟು ಅಂತ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ದರ ಬದಲಾಯಿಸುವ ಮುಂಚೆ ರಾಜ್ಯದ ಕರೆಂಟ್ ದರ ಗೊತ್ತು ಮಾಡುವ ಆಯೋಗ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಆಕ್ಷೇಪಣೆಯನ್ನು ಯಾವ ಗ್ರಾಹಕ ಬೇಕಾದರೂ ಕನ್ನಡದಲ್ಲೇ ಬರೆದು ಕೊಡಬಹುದು. ಮೇಲೆ ಮಾಡಿದ ದಿನದ ಲೆಕ್ಕ, ಗೃಹಜ್ಯೋತಿಯ ಪ್ರಶ್ನೆ, ಆಫೀಸಿನಿಂದ ಬಂದ ಉತ್ತರ ಮೂರನ್ನೂ ಅದಕ್ಕೆ ಲಗತ್ತಿಸಿ.