ಜರ್ಮನಿಯಲ್ಲಿ ಒಬ್ಬರನ್ನು ನೇಮಿಸಿಕೊಳ್ಳುವ ಮುನ್ನ

ಬೆಂಗಳೂರಿನಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿರುವ ಸದಸ್ಯರ ಗಮನಕ್ಕೆ. ಜರ್ಮನಿಯಲ್ಲೇ ಇದ್ದು ದುಡಿಯುವವರನ್ನು ನೇಮಿಸಿಕೊಂಡಾಗ, ಪತ್ರದಲ್ಲಿ ‘ಭಾರತದ ಕಾನೂನು ಅನ್ವಯಿಸುತ್ತದೆ’ ಎಂದು ಬರೆದ ಮಾತ್ರಕ್ಕೆ ಅಲ್ಲಿನ ಕಡ್ಡಾಯ ರಕ್ಷಣೆಗಳು ತಪ್ಪುವುದಿಲ್ಲ. ವಾರಕ್ಕೆ 5 ದಿನ ಕೆಲಸವಿದ್ದರೆ ವರ್ಷಕ್ಕೆ ಕನಿಷ್ಠ 20 ದಿನಗಳ ವೇತನಸಹಿತ ರಜೆ ಕೊಡಲೇಬೇಕು.

ನಾನು ಮೊದಲು ಸಿದ್ಧಪಡಿಸಿದ್ದ ಕರಡಿನಲ್ಲಿ, ಜಯನಗರದ ಕಚೇರಿಯ ಹಳೆಯ ನೇಮಕ ಪತ್ರದಿಂದ ‘ಇಮೇಲ್ ಮೂಲಕ ಸೇವೆ ಕೊನೆಗೊಳಿಸಬಹುದು’ ಎಂಬ ಸಾಲು ಹಾಗೆಯೇ ಬಂದು ಕೂತಿತ್ತು. ಆದರೆ ಜರ್ಮನಿಯ ಕಾನೂನಿನ ಪ್ರಕಾರ ಕಾಗದದ ಮೇಲೆ, ಶಾಯಿಯಲ್ಲಿ ಸಹಿ ಮಾಡಿದ ಪತ್ರ ಕೈಸೇರದ ಹೊರತು ವಜಾ ಊರ್ಜಿತವಾಗದು. ಪರೀಕ್ಷಾರ್ಥ ಅವಧಿಯೂ 6 ತಿಂಗಳು ಮೀರುವಂತಿಲ್ಲ.

‘ಫ್ರೀಲಾನ್ಸರ್ ಎಂದು ತೋರಿಸಿದರಾಯಿತು’ ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಕೆಲಸದ ವೇಳೆಯನ್ನೂ ವಿಧಾನವನ್ನೂ ನೀವೇ ನಿರ್ಧರಿಸುತ್ತಿದ್ದರೆ ಅವರು ನೌಕರರೆಂದೇ ಪರಿಗಣಿತರಾಗಿ, ಸಾಮಾಜಿಕ ವಿಮೆಯ ಬಾಕಿ ನಿಮ್ಮ ತಲೆಗೆ ಬರಬಹುದು. ಆ ನೌಕರರ ಪಿಂಚಣಿ, ಆರೋಗ್ಯ ವಿಮೆಗಳೂ ಈ ಸಾಮಾಜಿಕ ವಿಮೆಯನ್ನೇ ಅವಲಂಬಿಸಿವೆ. ಆದ್ದರಿಂದ ಆಫರ್ ಪತ್ರ ಕಳುಹಿಸುವ ಮೊದಲೇ ಕರಡನ್ನು ಅಲ್ಲಿಯ ಕಾರ್ಮಿಕ ವಕೀಲರಿಗೆ ತೋರಿಸಿ, ತೆರಿಗೆ ಹೊಣೆಯ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.