ಟೊಂಕದ ನೋವಿಗೆ ದುಡ್ಡು ಸುರಿಯುವ ಮುನ್ನ

ಮಾನ್ವಿ ಕಡೆಯ ನಮ್ಮ ಸೋದರಮಾವ ಒಂದು ಸಂಜೆ ರಾಯಚೂರಿನ ನಮ್ಮ ಮನೆಗೆ ಬಂದು ಕೂತರು. ಕೂತರು ಎನ್ನುವುದು ತಪ್ಪು, ಗೋಡೆಗೆ ಒರಗಿ ಅರ್ಧ ನಿಂತೇ ಇದ್ದರು. ಅಕ್ಕಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಹಮಾಲಿ ಮಾಡಿದ ಮೈ. ಕೈಯಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಚೀಲ, ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ. ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು: ಆಪರೇಷನ್, ₹1,60,000. ಔಷಧ ಪ್ರತ್ಯೇಕ. ‘ಕಾಲುವೆ ಪಕ್ಕದ ಅರ್ಧ ಎಕರೆ ಮಾರಿದರೆ ಆಗುತ್ತದೆ. ನೀನು ಓದಿದವನು, ಇದು ಬೇಕೋ ಬೇಡವೋ ಹೇಳಪ್ಪ’ ಎಂದರು.

ಬೇಕೋ ಬೇಡವೋ ಎಂದು ಹೇಳಬೇಕಾದವರು ವೈದ್ಯರು. ಆದರೆ ವೈದ್ಯರ ಮುಂದೆ ಏನು ಕೇಳಬೇಕು, ಕೇಳಿಸಿಕೊಂಡ ಮೇಲೆ ಹೇಗೆ ತೂಗಬೇಕು ಎಂಬುದನ್ನು ನಾವೇ ಕಲಿಯಬೇಕಾಗುತ್ತದೆ. ಭತ್ತದ ನಾಟಿ, ಹತ್ತಿ ಬಿಡಿಸುವುದು, ಚೀಲ ಹೊರುವುದು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದಿನವಿಡೀ ಬಗ್ಗಿ ಹೊಲಿಯುವುದು: ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಟೊಂಕ ಹಿಡಿಯದ ಮನೆ ಸಿಗುವುದು ಕಷ್ಟ. ಆ ನೋವನ್ನು ನಂಬಿಕೊಂಡು ಬದುಕುವ ಬೋರ್ಡುಗಳಿಗೂ ಕೊರತೆಯಿಲ್ಲ.

ಮೊದಲು: ಲೆಕ್ಕ ಹಾಕಬಾರದ ಸಂದರ್ಭ

ಮೂತ್ರ ಕಟ್ಟಿದ್ದರೆ ಅಥವಾ ಗೊತ್ತಾಗದಂತೆ ಹೋಗುತ್ತಿದ್ದರೆ, ಮಲದ ಮೇಲೆ ಹಿಡಿತ ತಪ್ಪಿದ್ದರೆ, ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದಿದ್ದರೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಬೇಕು. ಬೆನ್ನುಹುರಿಯ ಕೊನೆಯ ನರಗಳ ಗೊಂಚಲು ಒತ್ತಿಹೋದಾಗ ಬರುವ ಲಕ್ಷಣ ಇದು. ತಡ ಮಾಡಿದಷ್ಟೂ ಹೋದದ್ದು ಮರಳುವುದು ಕಷ್ಟ. ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುವುದೂ ಇದೇ ಸಾಲಿಗೆ ಸೇರುತ್ತದೆ. ನಮ್ಮ ಓಣಿಯ ಚಿಕ್ಕಮ್ಮ ಒಬ್ಬರಿಗೆ ನಡೆಯುವಾಗ ಎಡಗಾಲಿನ ಚಪ್ಪಲಿ ಮೇಲಿಂದ ಮೇಲೆ ಕಳಚಿ ಬೀಳುತ್ತಿತ್ತು. ಉಂಗುಷ್ಟ ಸಡಿಲವಾಗಿದೆ ಎಂದುಕೊಂಡು ಎರಡು ಜೊತೆ ಚಪ್ಪಲಿ ಬದಲಿಸಿದರು. ಸಡಿಲವಾಗಿದ್ದದ್ದು ಪಾದ. ಅದು ಇಂದಿಗೂ ಪೂರ್ತಿ ಮೇಲೇಳುವುದಿಲ್ಲ.

ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ತಳ್ಳಿಹಾಕುವಂತಿಲ್ಲ. ಅದರ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಂಥ ಬೆನ್ನನ್ನು ಯಾರ ಕೈಗೂ ತಿಕ್ಕಲು ಕೊಡಬೇಡಿ. ಹಿಂದೆ ಕ್ಯಾನ್ಸರ್ ಬಂದವರು, ಎತ್ತರದಿಂದ ಬಿದ್ದವರು, ಬಹಳ ಕಾಲ ಸ್ಟೆರಾಯ್ಡ್ ನುಂಗಿದವರು ಸಹ ಕಾಯಬಾರದು. ಉರಿಮೂತ್ರದ ಜೊತೆ ಪಕ್ಕೆಯಲ್ಲಿ ನೋವು ಬಂದರೆ ಅದು ಕಲ್ಲು ಇರಬಹುದು, ಟೊಂಕದ ತಪ್ಪಲ್ಲ.

ನಮ್ಮ ನೆಲದ್ದೇ ಇನ್ನೊಂದು ಕಾರಣವಿದೆ, ಅದನ್ನು ಖಾಸಗಿ ಕ್ಲಿನಿಕ್ಕುಗಳಲ್ಲಿ ಕೇಳುವವರು ಕಡಿಮೆ. ಈ ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನದಂಡ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು ಗಟ್ಟಿಯಾಗಿ, ಬೆನ್ನು ಬಾಗದಂತೆ ಬಿಗಿಯುತ್ತದೆ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದು, ದೊಡ್ಡವರಿಗೆ ನೆಲದ ಮೇಲಿನ ನಾಣ್ಯ ಎತ್ತಲೂ ಬಗ್ಗಲು ಆಗದಿದ್ದರೆ, ಫ್ಲೋರೋಸಿಸ್ ಇರಬಹುದೇ ಎಂದು ವೈದ್ಯರನ್ನು ನೀವೇ ಕೇಳಿ. ಒಂದು ಎಕ್ಸ್‌ರೇಯಲ್ಲಿ ಅದರ ಸುಳಿವು ಸಿಗಬಹುದು. ಅಲ್ಲಿ ಮೊದಲು ಬದಲಿಸಬೇಕಾದದ್ದು ನೀರು.

ಆರು ವಾರದ ಮಾತು

ಮೇಲಿನ ಯಾವುದೂ ಇಲ್ಲದ ಸಾದಾ ಚಳಕು, ಟೊಂಕ ನೋವು ಹೊಸದಾಗಿ ಬಂದಾಗ ಹೆಚ್ಚಿನವರಲ್ಲಿ ಆರು ವಾರದೊಳಗೆ ತಾನಾಗಿಯೇ ಬಹಳಷ್ಟು ಇಳಿಯುತ್ತದೆ. ಖರ್ಚಿನ ಪ್ರಶ್ನೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ತಾನಾಗಿ ಇಳಿಯುವ ನೋವಿನಲ್ಲಿ ಕೊನೆಗೆ ಕೈ ಹಾಕಿದವರಿಗೆ ಹೆಸರು ಬರುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಕಾಲು ಮುಂದಾಗಿ ಹುಟ್ಟಿದ ಅಜ್ಜಿಯೊಬ್ಬರಿದ್ದರು. ಚಳಕು ಬಂದವರು ಅವರ ಬಾಗಿಲಿಗೆ ಹೋಗಿ ಬೋರಲು ಮಲಗುತ್ತಿದ್ದರು, ಅಜ್ಜಿ ನಡದ ಮೇಲೆ ಮೂರು ಸಲ ಕಾಲಿಡುತ್ತಿದ್ದರು. ಎಲೆ ಅಡಿಕೆಯೇ ಫೀಸು. ನಾಲ್ಕು ದಿನಕ್ಕೆ ಜನ ಎದ್ದು ಓಡಾಡುತ್ತಿದ್ದರು, ಅಜ್ಜಿಯ ಕಾಲಿನ ಗುಣ ಎನ್ನುತ್ತಿದ್ದರು.

ನಾನು ದೊಡ್ಡವನಾದ ಮೇಲೆ ಎಲೆ ಅಡಿಕೆಯ ಬದಲು ₹7,500 ಕೊಟ್ಟೆ. ಬೆನ್ನು ಜಗ್ಗಿ ಎಳೆಯುವ ಟ್ರ್ಯಾಕ್ಷನ್, ಶಾಖ, ಕರೆಂಟಿನ ಚುರುಕು, ಹದಿನೈದು ಸಿಟಿಂಗಿನ ಪ್ಯಾಕೇಜು, ಹಣ ಮುಂಗಡ. ಹತ್ತನೇ ಸಿಟಿಂಗಿಗೆ ನೋವು ಇಳಿಯಿತು. ಆಮೇಲೆ ಕ್ಯಾಲೆಂಡರ್ ನೋಡಿದೆ: ನೋವು ಶುರುವಾಗಿ ಏಳನೇ ವಾರ ನಡೆಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಕೆಳಬೆನ್ನು ನೋವಿಗೆ ಮಾರ್ಗಸೂಚಿ ಹೊರಡಿಸಿತು. ರೂಢಿಯಾಗಿ ಕೊಡಬಾರದ ಚಿಕಿತ್ಸೆಗಳ ಪಟ್ಟಿಯಲ್ಲಿ ಟ್ರ್ಯಾಕ್ಷನ್ ಇದೆ, ಸೊಂಟದ ಬೆಲ್ಟ್ ಇದೆ. ಕೊಡಬಹುದಾದವುಗಳ ಪಟ್ಟಿಯಲ್ಲಿ ವ್ಯಾಯಾಮ ಮತ್ತು ರೋಗಿಗೆ ವಿಷಯ ತಿಳಿಸಿ ಹೇಳುವುದು ಸೇರಿವೆ. ನನ್ನ ಪ್ಯಾಕೇಜಿನಲ್ಲಿ ಇಲ್ಲದಿದ್ದವು ಆ ಎರಡೇ.

ಈ ಆರು ವಾರ ಮಲಗಿ ಕಳೆಯುವ ಕಾಲವಲ್ಲ. ಆದಷ್ಟು ಓಡಾಡಿಕೊಂಡಿರಬೇಕು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ದಿನ ನುಂಗಬೇಕು, ಹೊಟ್ಟೆಹುಣ್ಣು ಅಥವಾ ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಅಗ್ಗಕ್ಕೆ ಸಿಗುತ್ತದೆ. ಗ್ಲೂಕೋಸ್ ಬಾಟಲಿಯಿಂದ ಟೊಂಕ ನೋವು ಹೋಗುವುದಿಲ್ಲ. ಅದರಿಂದ ನೆಟ್ಟಗಾಗುವುದು ಕಾಂಪೌಂಡರನ ಗಲ್ಲಾಪೆಟ್ಟಿಗೆ ಮಾತ್ರ.

ಎಂಆರ್‌ಐ ಚೀಲವನ್ನು ಓದುವುದು ಹೇಗೆ

‘ಗ್ಯಾಪ್ ಬಂದಿದೆ’, ‘ಮಣಿ ಸವೆದಿದೆ’, ‘ನರ ಒತ್ತಿದೆ’. ವರದಿ ಕೈಗೆ ಬಂದ ದಿನದಿಂದ ಮನೆಯಲ್ಲಿ ಸೂತಕದ ಕಳೆ. ಯಾವ ನೋವೂ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ಹರೆಯದವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್, ಅಂದರೆ ಬೆನ್ನಿನ ಮಣಿಗಳ ನಡುವಿನ ಮೆತ್ತೆ, ಉಬ್ಬಿತ್ತು. ಎಂಬತ್ತು ವರ್ಷದವರಲ್ಲಿ ಅದು ಶೇ 84. ತಲೆಗೂದಲು ನೆರೆತಂತೆ ಡಿಸ್ಕೂ ನೆರೆಯುತ್ತದೆ. ಹಾಗಾಗಿ ಫಿಲ್ಮಿನಲ್ಲಿ ಏನೋ ಕಂಡಿತು ಎಂಬುದಷ್ಟೇ ಸಾಲದು. ಕಂಡದ್ದು ನಿಮ್ಮ ನೋವಿನ ದಾರಿಗೆ ಹೊಂದುತ್ತದೆಯೇ? ನೋವು ಬಲಗಾಲಿಗೆ ಇಳಿಯುತ್ತಿದ್ದರೆ ಬಲಗಡೆಯ ನರವೇ ಒತ್ತಿರಬೇಕು. ವೈದ್ಯರು ಕಾಲು ಎತ್ತಿಸಿ, ಹೆಬ್ಬೆರಳು ಮೇಲೆ ಮಾಡಿಸಿ, ಮೊಣಕಾಲಿಗೆ ತಟ್ಟಿ ನೋಡಿದ್ದಾರೆಯೇ? ಮೈ ಮುಟ್ಟದೆ ಫಿಲ್ಮನ್ನಷ್ಟೇ ಬೆಳಕಿಗೆ ಹಿಡಿದು ರೇಟು ಹೇಳಿದರೆ ಅಲ್ಲಿಂದ ಎದ್ದು ಬರುವುದು ನನ್ನ ಅಭ್ಯಾಸ.

ಸ್ಕ್ಯಾನ್ ಮಾಡಿಸುವ ಮುಂಚೆ ಕೇಳಬೇಕಾದದ್ದು ಒಂದೇ: ‘ಸಾರ್, ಇದರಲ್ಲಿ ಏನೇ ಬಂದರೂ ಚಿಕಿತ್ಸೆ ಬದಲಾಗುತ್ತದೆಯೇ?’ ಇಲ್ಲ ಎಂದರೆ ಆ ಹಣ ಜೇಬಿನಲ್ಲೇ ಇರಲಿ.

ಆಪರೇಷನ್ನಿನ ತಕ್ಕಡಿ

ಮಾವನ ಚೀಟಿಗೆ ಬರೋಣ. ಅವರದು ಡಿಸ್ಕ್ ಜಾರಿ ಕಾಲಿಗೆ ಮಿಂಚು ಹೊಡೆದಂತೆ ಇಳಿಯುವ ಸಯಾಟಿಕಾ. ಬಲ ಕುಂದಿರಲಿಲ್ಲ, ಮೂತ್ರ ಸರಿಯಿತ್ತು. ಇಂಥ 283 ರೋಗಿಗಳ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಬೇಗ ಆಪರೇಷನ್, ಉಳಿದವರಿಗೆ ಕಾದು ನೋಡುವ ಚಿಕಿತ್ಸೆ, ತಡೆಯಲಾಗದಿದ್ದರೆ ಆಮೇಲೆ ಆಪರೇಷನ್. ಬೇಗ ಮಾಡಿಸಿಕೊಂಡವರು ಗುಣವಾಗಲು ಸರಾಸರಿ ನಾಲ್ಕು ವಾರ ಹಿಡಿಯಿತು, ಕಾದವರಿಗೆ ಹನ್ನೆರಡು ವಾರ. ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ಗುಣವಾಗಿದ್ದರು. ಆದರೆ ಕಾದವರಲ್ಲಿ ಶೇ 39 ಮಂದಿ ನಡುವೆ ಆಪರೇಷನ್ ಮಾಡಿಸಿಕೊಳ್ಳಲೇಬೇಕಾಯಿತು ಎಂಬುದನ್ನು ಮುಚ್ಚಿಡಬಾರದು.

ಎಂದರೆ ಇಂಥ ನೋವಿನಲ್ಲಿ ಆಪರೇಷನ್ನಿಗೆ ಹಣ ಕೊಟ್ಟು ನಾವು ಕೊಳ್ಳುವುದು ಮುಖ್ಯವಾಗಿ ಎಂಟು ವಾರ. ಆ ಎಂಟು ವಾರಕ್ಕೆ ನಿಮ್ಮ ಮನೆಯಲ್ಲಿ ಬೆಲೆ ಎಷ್ಟು? ಮಾವನ ದಿನಗೂಲಿ ₹600, ವಾರಕ್ಕೆ ಆರು ದಿನ. ನಲವತ್ತೆಂಟು ದಿನಕ್ಕೆ ₹28,800. ಆಪರೇಷನ್ ಆದ ಮರುದಿನವೇ ಚೀಲ ಹೊರಲು ಬರುವುದಿಲ್ಲವಾದ್ದರಿಂದ ಉಳಿಯುವುದು ಅದಕ್ಕಿಂತ ಕಡಿಮೆ. ಅದರ ಎದುರಿಗೆ ₹1,60,000 ಮತ್ತು ಅರ್ಧ ಎಕರೆ. ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದಾಗ ಮಾವ ಬಹಳ ಹೊತ್ತು ಅದನ್ನೇ ನೋಡಿದರು. ನೋವಿಗೆ ಕೂಲಿಯ ಲೆಕ್ಕ ಸಾಲದು, ನಿಜ. ಎಂಟು ವಾರ ನಿದ್ದೆಯಿಲ್ಲದೆ ನರಳುವುದನ್ನು ರೂಪಾಯಿಗೆ ತಿರುಗಿಸಲಾಗದು. ಪರೀಕ್ಷೆ ಹತ್ತಿರವಿರುವವರಿಗೆ, ಲಾರಿ ಸಾಲದ ಕಂತು ಕಟ್ಟುವವರಿಗೆ ಅದೇ ತಕ್ಕಡಿ ಇನ್ನೊಂದು ಕಡೆ ವಾಲಬಹುದು. ಯಾವ ಕಡೆ ವಾಲಿದರೂ, ಕೊಳ್ಳುತ್ತಿರುವುದು ಏನೆಂದು ಗೊತ್ತಿದ್ದು ಕೊಳ್ಳಬೇಕು.

ಕಾಲಿಗೆ ಇಳಿಯದ, ಬರೀ ಟೊಂಕದಲ್ಲೇ ನಿಂತ ಹಳೆಯ ನೋವಿಗೆ ಆಪರೇಷನ್ ಎಂದರೆ, ಅದರಲ್ಲೂ ರಾಡು, ಸ್ಕ್ರೂ ಎಂದರೆ, ಇನ್ನೊಬ್ಬ ತಜ್ಞರಿಗೆ ತೋರಿಸದೆ ಒಪ್ಪಬೇಡಿ.

ಖಾಸಗಿಗೆ ಕೊಟ್ಟ ಹಣ ಸಾರ್ಥಕವಾಗುವುದು ಎಲ್ಲಿ

ಸರ್ಕಾರಿ ಆಸ್ಪತ್ರೆಯೂ ಬಿಟ್ಟಿಯಲ್ಲ. ಲಿಂಗಸುಗೂರಿನಿಂದ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಬಂದು ಸಾಲಿನಲ್ಲಿ ನಿಂತು ಹೋದರೆ ಒಂದು ದಿನದ ಕೂಲಿ ಮತ್ತು ಇಬ್ಬರ ಬಸ್ ಚಾರ್ಜು ಹೋಯಿತು. ಮೂರು ಸಲ ಬಂದರೆ ಖಾಸಗಿ ತಜ್ಞರ ಫೀಸಿನಷ್ಟೇ ಆಗಬಹುದು. ಆದ್ದರಿಂದ ಖಾಸಗಿ ಎಂದ ಕೂಡಲೇ ಸುಲಿಗೆ ಎನ್ನುವವನು ನಾನಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಮೂರು ನಾಲ್ಕು ಸಲ ಹೋಗಿ, ಮನೆಯಲ್ಲಿ ಮಾಡಿಕೊಳ್ಳುವ ವ್ಯಾಯಾಮ ಕಲಿತು ಬಂದರೆ ಆ ದುಡ್ಡು ದಂಡವಲ್ಲ. ಗುರುತು ಸುಲಭ: ಒಳ್ಳೆಯವರು ನಿಮ್ಮ ಮೈಯಿಂದ ಕೆಲಸ ಮಾಡಿಸುತ್ತಾರೆ, ಉಳಿದವರು ಯಂತ್ರಕ್ಕೆ ತಂತಿ ಸಿಕ್ಕಿಸಿ ಮೊಬೈಲ್ ನೋಡುತ್ತಾರೆ. ಪ್ಯಾಕೇಜಿಗೆ ಮುಂಗಡ ಕೊಡದೆ ಸಲಕ್ಕೆ ಇಷ್ಟು ಎಂದು ಕೊಡಿ. ನಾಲ್ಕು ಸಲದ ಹೊತ್ತಿಗೆ ಏನು ಬದಲಾಗಬೇಕು ಎಂದು ಮೊದಲ ದಿನವೇ ಕೇಳಿ.

ಹೈದರಾಬಾದಿಗೆ ಹೊರಡುವವರು ಆಸ್ಪತ್ರೆ ಬಿಲ್ಲಿನ ಜೊತೆ ಜೊತೆಗಾರನ ಊಟ, ಲಾಡ್ಜು, ಹೊಲಿಗೆ ಬಿಚ್ಚಿಸಲು ಮತ್ತೆ ಹೋಗಿಬರುವ ಖರ್ಚನ್ನೂ ಸೇರಿಸಬೇಕು. ರಾಯಚೂರಿನಲ್ಲಿ ಏಮ್ಸ್ ಬೇಕೆಂದು ಜನ ವರ್ಷಗಟ್ಟಲೆ ಧರಣಿ ಕೂತದ್ದು ಸುಮ್ಮನೆ ಅಲ್ಲ.

ಚೀಟಿಗೆ ಹೂಂ ಎನ್ನುವ ಮುಂಚೆ

ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ₹1.5 ಲಕ್ಷದ ಮಿತಿಯಲ್ಲಿ. ಜನ ಎಡವುವುದು ಒಂದೇ ಕಡೆ: ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ಶಿಫಾರಸು ಪತ್ರ ಸಿಕ್ಕರಷ್ಟೇ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ. ನೇರವಾಗಿ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡು ತೋರಿಸಿದರೆ ಕಷ್ಟ. ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ಆಸ್ಪತ್ರೆ, ಎಲ್ಲಿಯಾದರೂ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಹುಡುಕಿ, ನಿಮ್ಮ ಆಪರೇಷನ್ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ, ತಿಂಗಳಿಗೆ ₹21,000ದೊಳಗಿನ ಸಂಬಳದ ಕಾರ್ಮಿಕರಿಗೆ ಕಾರ್ಮಿಕ ವಿಮೆ ಇಎಸ್‌ಐ ಇದೆ. ಖಾಸಗಿ ವಿಮೆ ಇದ್ದವರು ಕಾಯುವ ಅವಧಿ ನೋಡಿಕೊಳ್ಳಿ. ಅನೇಕ ಪಾಲಿಸಿಗಳು ಡಿಸ್ಕ್ ತೊಂದರೆಗೆ ಮೊದಲ ಎರಡು ವರ್ಷ ಹಣ ಕೊಡುವುದಿಲ್ಲ.

ಎರಡು ಸಾಲಿನ ಚೀಟಿಯನ್ನು ಎಂದೂ ಒಪ್ಪಬೇಡಿ. ಸರ್ಜನ್, ಅರಿವಳಿಕೆ, ವಾರ್ಡು, ಔಷಧ, ಇಂಪ್ಲಾಂಟ್ ಎಲ್ಲ ಬಿಡಿಸಿ ಬರೆದುಕೊಡಿ ಎನ್ನಿ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ, ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ನಡತೆಯ ನಿಯಮ. ಇನ್ನೊಬ್ಬರಿಗೆ ತೋರಿಸಬೇಕು ಎಂದರೆ ಮುಖ ಗಂಟು ಹಾಕುವವರು ಇರುತ್ತಾರೆ, ಹಾಕಿಕೊಳ್ಳಲಿ.

ಗುಣವಾಗುತ್ತಿದೆಯೇ ಎಂದು ಅಳೆಯುವುದು

‘ಈಗ ಹೇಗಿದೆ?’ ಎಂದರೆ ನಾವು ‘ಸ್ವಲ್ಪ ಪರವಾಗಿಲ್ಲ’ ಎನ್ನುತ್ತೇವೆ. ಅದು ದುಡ್ಡು ಕೊಟ್ಟ ಬಾಯಿಯ ಮಾತು, ನಂಬುವಂತಿಲ್ಲ. ಮೈ ಏನು ಮಾಡಬಲ್ಲದು ಎಂಬುದನ್ನು ಎಣಿಸಬೇಕು: ಎಷ್ಟು ನಿಮಿಷ ಕೂರಬಲ್ಲೆ, ಎಷ್ಟು ದೂರ ನಡೆಯಬಲ್ಲೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಟೊಂಕ ನೋವಿನಿಂದ ಚೇತರಿಸಿಕೊಂಡವರಿಗೆ ಕ್ರಮವಾಗಿ ನಡಿಗೆ ರೂಢಿ ಮಾಡಿಸಿದಾಗ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು. ಏನೂ ಮಾಡದವರಿಗೆ 112 ದಿನ.

ಮಾವ ಅಳತೆಗೆ ಲೈಟ್ ಕಂಬ ಹಿಡಿದರು. ಇನ್ನೊಬ್ಬ ವೈದ್ಯರು ಕಾಯೋಣ ಎಂದ ದಿನದಿಂದ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ಪಕ್ಕದಲ್ಲೇ, ಪೆನ್ಸಿಲ್ಲಿನಲ್ಲಿ ಅಂಕಿಗಳಿವೆ. ಮೊದಲ ವಾರ ಎರಡು ಕಂಬ, ಒಂದು ದಿನ ಸೊನ್ನೆ. ಐದನೇ ವಾರ ಒಂಬತ್ತು. ಹತ್ತನೇ ವಾರದಲ್ಲಿ ಗಿರಣಿಗೆ ಮರಳಿದರು, ಚೀಲ ಹೊರಲು ಅಲ್ಲ, ಚೀಲದ ಬಾಯಿ ಹೊಲಿಯಲು, ಕೂಲಿ ಸ್ವಲ್ಪ ಕಡಿಮೆ. ನೋವು ಪೂರ್ತಿ ಹೋಗಿಲ್ಲ, ಮಳೆಗಾಲದಲ್ಲಿ ಕಾಲು ಎಳೆಯುತ್ತದೆಯಂತೆ. ಹೋದ ವಾರದ ಚೌಕದಲ್ಲಿ ಮೂವತ್ತನಾಲ್ಕು ಎಂದಿದೆ. ಅವರ ಊರಿನ ಕಂಬಗಳು ಅಲ್ಲಿಗೇ ಮುಗಿಯುತ್ತವೆ. ಮುಂದೆ ಕಾಲುವೆ, ಅದರ ಪಕ್ಕ ಆ ಅರ್ಧ ಎಕರೆ.