ಟೈಗರ್, ಕ್ರೋ ಚಿಟ್ಟೆಗಳು ಬೆಂಗಳೂರಿಗೆ ಯಾವಾಗ? ಹಳೆಯ ದಾಖಲೆಯಿಂದ ಲೆಕ್ಕ ಹಾಕಿದ ಬಗೆ

ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೆ, ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ ಚಿಟ್ಟೆಗಳು ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಹೊರಡುತ್ತವೆ. ಬೆಂಗಳೂರು ಆ ದಾರಿಯಲ್ಲಿದೆ. ಯಾವಾಗ ಬಂದಾವು ಎಂದು ಲೆಕ್ಕ ಹಾಕುವವರು ಮೊದಲು ಹುಡುಕುವುದು ‘ಮೊದಲು ಕಂಡ ದಿನ’ವನ್ನು. ನಾನೂ ಅಲ್ಲಿಂದಲೇ ಶುರು ಮಾಡಿ ಕೈಬಿಟ್ಟೆ. ಬ್ಲೂ ಟೈಗರ್, ಕಾಮನ್ ಕ್ರೋ ಊರಲ್ಲಿ ವರ್ಷವಿಡೀ ಅಲ್ಲೊಂದು ಇಲ್ಲೊಂದು ಸಿಗುತ್ತಲೇ ಇರುತ್ತವೆ. ಜೊತೆಗೆ, ನೋಡುವ ಕಣ್ಣು ಹೆಚ್ಚಾದ ವರ್ಷ ಮೊದಲ ದಿನ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಚಿಟ್ಟೆ ಬೇಗ ಬಂದಿರುವುದಿಲ್ಲ, ಫೋಟೊ ಬೇಗ ಬಂದಿರುತ್ತದೆ.

ನಾನು ನೋಡುವುದು ಪಾಲನ್ನು. ಜನ ತಾವು ಕಂಡ ಜೀವಿಗಳ ಫೋಟೊ ಹಾಕುವ ಜಾಲತಾಣ ಐನ್ಯಾಚುರಲಿಸ್ಟ್‌ನಿಂದ ಬೆಂಗಳೂರಿನ ಸುತ್ತ 40 ಕಿ.ಮೀ. ಒಳಗಿನ ಎಲ್ಲ ಚಿಟ್ಟೆ ದಾಖಲೆಗಳನ್ನು ಇಳಿಸಿಕೊಳ್ಳುತ್ತೇನೆ, ಈ ನಾಲ್ಕನ್ನು ಮಾತ್ರವಲ್ಲ. ಒಬ್ಬರೇ ಒಂದೇ ದಿನ ಒಂದೇ ಜಾಗದಲ್ಲಿ ಒಂದೇ ಜಾತಿಯ ಇಪ್ಪತ್ತು ಫೋಟೊ ಹಾಕಿದ್ದರೆ ಒಂದನ್ನಷ್ಟೇ ಉಳಿಸುತ್ತೇನೆ. ಎರಡು ಟೈಗರ್‌ಗಳನ್ನು ಹಾರಾಟದ ಫೋಟೊದಲ್ಲಿ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಟೈಗರ್ ಒಂದು ಗುಂಪು, ಕ್ರೋ ಇನ್ನೊಂದು. ಪ್ರತಿ ದಿನಕ್ಕೂ ಹಿಂದಿನ 3, ಮುಂದಿನ 3 ದಿನ ಸೇರಿಸಿ 7 ದಿನದ ಮೊತ್ತ ತೆಗೆದು, ಗುಂಪಿನ ದಾಖಲೆಯನ್ನು ಒಟ್ಟು ಚಿಟ್ಟೆ ದಾಖಲೆಯಿಂದ ಭಾಗಿಸುತ್ತೇನೆ. ಏಳೇ ಯಾಕೆಂದರೆ, ಎಲ್ಲಿಂದ ಎಣಿಸಿದರೂ ಅದರಲ್ಲಿ ಒಂದೇ ಶನಿವಾರ, ಒಂದೇ ಭಾನುವಾರ; ರಜೆ ದಿನದ ಉಬ್ಬರ ಕಾಡುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ನಡೆಯುವ, ಊರೂರಿನವರು ಜೀವಿಗಳ ಫೋಟೊ ದಾಖಲಿಸುವ ಸ್ಪರ್ಧೆ ಸಿಟಿ ನೇಚರ್ ಚಾಲೆಂಜ್‌ನ ಫೋಟೊ ಮಳೆಯೂ ಭಾಗಾಕಾರದಲ್ಲಿ ಬಹುಪಾಲು ತೊಳೆದುಹೋಗುತ್ತದೆ. ಫೆಬ್ರವರಿಯ ಪಾಲಿಗಿಂತ ಎರಡರಷ್ಟಾಗಿ, ಐದು ದಿನ ಹಾಗೇ ನಿಂತರೆ, ಅದರ ಮೊದಲ ದಿನವೇ ಆ ವರ್ಷದ ಆಗಮನ.

ಹೆಚ್ಚು ಪೆಟ್ಟು ಬೀಳುವುದು ತಾರೀಖಿನಲ್ಲಿ. ಫೋಟೊ ತೆಗೆದ ದಿನದ ಕಾಲಂ ಬೇರೆ, ಅಪ್‌ಲೋಡ್ ಮಾಡಿದ ದಿನದ್ದು ಬೇರೆ, ಬೇಕಾದದ್ದು ಮೊದಲನೆಯದು. ನೋಟ್‌ಬುಕ್ಕಿನ ಮೇ 4ನ್ನು ಎಕ್ಸೆಲ್‌ನಲ್ಲಿ 4/5 ಎಂದು ಹೊಡೆದರೆ, ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ಏಪ್ರಿಲ್ 5 ಆಗಿ ಕೂರುತ್ತದೆ. 14/5 ಮಾತ್ರ ತಾರೀಖಾಗದೆ ಬರೀ ಅಕ್ಷರವಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಮುಂದೆ ಹೋಗಬೇಡಿ. ಬಲಕ್ಕಿರುವವೂ ತಪ್ಪೇ ಇರಬಹುದು.

ಆಮೇಲೆ ತಾರೀಖಿನಿಂದ ಹಿಂದಿನ ವರ್ಷದ ಡಿಸೆಂಬರ್ 31 ಕಳೆದು ದಿನಸಂಖ್ಯೆ ಮಾಡಿಕೊಳ್ಳಬೇಕು. ಏಪ್ರಿಲ್ 1 ಅಂದರೆ 91, ಅಧಿಕ ವರ್ಷದಲ್ಲಿ 92. ಲೆಕ್ಕ ತೋರಿಸಲು ಒಂಬತ್ತು ವರ್ಷಕ್ಕೆ ಹೀಗೆ ಬಂತೆಂದುಕೊಳ್ಳಿ: 108, 112, 113, 116, 117, 119, 121, 124, 138. ಸರಾಸರಿ 118.7, ಒಂದು 138 ಅದನ್ನು ಮೇಲಕ್ಕೆ ಎಳೆದಿದೆ. ನಾನು ತೆಗೆದುಕೊಳ್ಳುವುದು ನಡುವಿನದನ್ನು: 117, ಅಂದರೆ ಏಪ್ರಿಲ್ 27. ಎರಡು ತುದಿ ಬಿಟ್ಟರೆ 112ರಿಂದ 124, ಏಪ್ರಿಲ್ 22ರಿಂದ ಮೇ 4. ಯಾರಾದರೂ ಕೇಳಿದರೆ ಹೇಳಬೇಕಾದದ್ದು ಈ ಅವಧಿಯನ್ನು. ಒಂದೇ ದಿನ ಹೇಳುವುದು ಜ್ಯೋತಿಷ್ಯವಾಗುತ್ತದೆ. ಪರೀಕ್ಷೆಗೆ ಪ್ರತಿ ಸಲ ಒಂದು ವರ್ಷ ಮುಚ್ಚಿಟ್ಟು ಉಳಿದ ಎಂಟರಿಂದ ಅದನ್ನು ಊಹಿಸಿ ನೋಡಿ, ಎಷ್ಟು ದಿನ ತಪ್ಪಿತು ಎಂದು ಬರೆದಿಡಿ. ಏಪ್ರಿಲ್ ಮಳೆ, ಉಷ್ಣಾಂಶ ಸೇರಿಸುವ ಆಸೆ ಬರುತ್ತದೆ. ಒಂಬತ್ತೇ ಅಂಕಿ ಇರುವಾಗ ಯಾವುದಕ್ಕೆ ಬೇಕಾದರೂ ನಂಟು ಕಾಣುತ್ತದೆ, ಹಾಗಾಗಿ ನಾನು ಸೇರಿಸಿಲ್ಲ.

ಅವಧಿಗೆ ಹತ್ತು ದಿನ ಮುಂಚೆಯೇ ಬಯಲಲ್ಲಿ ಎಣಿಕೆ ಶುರು ಮಾಡಬೇಕು. ಬೆಳಿಗ್ಗೆ 8ರಿಂದ 11ರೊಳಗೆ 15 ನಿಮಿಷ, ದಿನವೂ ಅದೇ ಎರಡು ಕಂಬಗಳ ನಡುವಿನ ಗೆರೆ. ಹೂವಿನ ಮೇಲೆ ಕೂರದೆ ನೇರ ಹೋಗುವವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಪೂರ್ವಕ್ಕೆ ಹೋದವುಗಳಿಂದ ಪಶ್ಚಿಮಕ್ಕೆ ಹೋದವನ್ನು ಕಳೆಯಿರಿ. ಗಿಲಿಗಿಚ್ಚಿ ಗಿಡಕ್ಕೆ ಮುತ್ತಿದ ಗಂಡುಗಳನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಅವು ರಸ ಹೀರಲು ನಿಂತವು. ಒಂದೂ ಕಾಣದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಚಿಟ್ಟೆ ಬರಲಿಲ್ಲವೋ ನೀವು ಹೋಗಲಿಲ್ಲವೋ ಮುಂದಿನ ವರ್ಷ ಗೊತ್ತಾಗುವುದಿಲ್ಲ.